ಹಳದಿ ಅಂಗಿಯ ಎಡತೋಳು

ಮಲಬೋನ್,
ಏಪ್ರಿಲ್ 1986

ಲುಡಿವಿನಾ ಅಕ್ಕನಿಗೆ,

ಕ್ರಾಂತಿಯ ಹಾಡಿನಲ್ಲಿ ನಿನ್ನ ದನಿ ದಿನವೂ ರೇಡಿಯೋದಲ್ಲಿ ಬರುತ್ತಿದೆ. ಮನೆಗೆ ಯಾರೇ ಬಂದರೂ ಅಮ್ಮ ಸದ್ದು ಜೋರು ಮಾಡಿ, "ಕೇಳಿಸ್ಕೊಳ್ಳಿ, ನಮ್ಮ ಲುಡಿ!" ಎನ್ನುತ್ತಾಳೆ. ನಾನು ಅವರಿಗೆ ಕಾಫಿ ಕೊಡುತ್ತೇನೆ.

ನಿನ್ನೆ ಟಿವಿಯಲ್ಲೂ ನೋಡಿದೆವು. ಅಷ್ಟೊಂದು ಗಾಯಕರ ನಡುವೆ, 'ನಾವು' ಎಂಬ ಮಾತು ಬಂದಾಗಲೆಲ್ಲ ನೀನು ಎದೆ ಮುಟ್ಟಿಕೊಳ್ಳುತ್ತೀಯ. ಚೆನ್ನಾಗಿತ್ತು. ಫೆಬ್ರವರಿಯಲ್ಲಿ, ಸರ್ವಾಧಿಕಾರಿಯ ಟ್ಯಾಂಕುಗಳನ್ನು ತಡೆಯಲು ಜನರೆಲ್ಲ ಸೇರಿದ್ದ ಎಡ್ಸಾ ರಸ್ತೆಗೆ ನಾನು ಹೊರಟಾಗ, "ಹೋಗಿ ಸಾಯಿ! ಟ್ಯಾಂಕಿಗೆ ಜಪಮಾಲೆ ತೋರಿಸ್ತಾಳಂತೆ!" ಎಂದು ಚಿಲಕ ಹಾಕಿಕೊಂಡವಳೂ ನೀನೇ. ತೋರಿಸಿದೆವು ಅಕ್ಕ. ಟ್ಯಾಂಕು ನಿಂತಿತು. ಹಸಿದಿದ್ದ ಸೈನಿಕನಿಗೆ ನನ್ನ ಬುತ್ತಿಯ ಅನ್ನವನ್ನೂ ಕೊಟ್ಟೆ.

ನನ್ನನ್ನು ಕೇಳದೆ ನೀನು ಒಯ್ದ, ಕ್ರಾಂತಿಯ ಬಣ್ಣದ ನನ್ನ ಹಳದಿ ಅಂಗಿ ನಿನಗೇ ಹೆಚ್ಚು ಒಪ್ಪುತ್ತದಂತೆ, ಅಮ್ಮ ಹೇಳಿದಳು. ಆದರೂ ಈ ವಾರ ಕಳಿಸಿಕೊಡು. ಅದರ ಎಡತೋಳನ್ನು ಮಡಿಸಿಕೊಂಡು ಹಾಡಿದ್ದೇಕೆಂದು ನನಗೆ ಗೊತ್ತು. ಅಲ್ಲಿ ಟ್ಯಾಂಕನ್ನು ತಡೆಯುವಾಗ ಹತ್ತಿದ ಗ್ರೀಸಿನ ಕಲೆಯಿದೆ.

ದಯವಿಟ್ಟು ತೊಳೆಯಬೇಡ. ನಿನ್ನ ಹಾಡಿನಲ್ಲಿ ನಾನಿರುವುದು ಅಷ್ಟು ಮಾತ್ರ.

ನಿನ್ನ ತಂಗಿ,
ಪೆರ್ಲಿಟಾ