ಬಾಲದೊಳಗಿನ ಸದ್ದು

ಹಾರ್ಲನ್ ಕ್ರಾಸಿಂಗ್, ವಿಸ್ಕಾನ್ಸಿನ್
ಮೇ 10, 1985

ಪ್ರೀತಿಯ ಇರ್ಮಾ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಕಡಿಮೆಯಾಗಿರಬೇಕು. ನಿಮ್ಮ ಮಗ ಡುವೇನ್ ಅಗತ್ಯಕ್ಕಿಂತ ಹೆಚ್ಚು ಖುಷಿಯಾಗಿದ್ದಾನೆ. ಆ ಖುಷಿ ನೋಡಿಯೇ ಈ ಪತ್ರ ಬರೆಯುತ್ತಿದ್ದೇನೆ.

ನವೆಂಬರ್‌ನಲ್ಲಿ ನಿಮ್ಮ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಮಾಡಿಕೊಂಡ ಒಪ್ಪಂದ ನೆನಪಿದೆಯಲ್ಲ? ಗ್ಯಾರೇಜಿನಲ್ಲಿ ಅವನು ಕಟ್ಟುತ್ತಿರುವ ವಿಮಾನದ ಬಾಲಕ್ಕೆ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬರು ರಿವೆಟ್ ಗನ್ ಒತ್ತಬೇಕು, ಒಳಗಡೆಯಿಂದ ಇನ್ನೊಬ್ಬರು ಉಕ್ಕಿನ ತುಂಡನ್ನು ಆನಿಸಿ ಹಿಡಿಯಬೇಕು. "ನಾವಿಬ್ರೂ ಅದನ್ನ ಮುಟ್ಟದೆ ಇದ್ರೆ ಅವನ ವಿಮಾನ ಗ್ಯಾರೇಜಲ್ಲೇ ಧೂಳು ತಿನ್ನುತ್ತೆ" ಅಂದವರು ನೀವೇ. ನಿಮ್ಮ ತಮ್ಮ ವಿಮಾನ ಸಮೇತ ಜೋಳದ ಹೊಲಕ್ಕೆ ಬಿದ್ದ ಕಥೆ ಹೇಳಿ ಅತ್ತಿರಿ. ನಾನೂ ಹೆದರಿದೆ. ನನಗೆ ಗಂಡ ಬೇಕು, ಅವನ ಫೋಟೋ ಅಲ್ಲ.

ಆದರೆ ಬಾಲ ಬೆಳೆಯುತ್ತಿದೆ. ಬುಧವಾರ ತೆರೆದಿದ್ದ ಭಾಗ ಶುಕ್ರವಾರ ಬೆಳಗ್ಗೆ ಮುಚ್ಚಿರುತ್ತದೆ. ನಡುವಿನ ಗುರುವಾರ ನಾನು ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೋಗಿರುತ್ತೇನೆ. ಒಬ್ಬನೇ ಹೇಗೆ ಹೊಡೆದೆ ಎಂದು ಕೇಳಿದರೆ "ಅಭ್ಯಾಸ ಆಗ್ಬಿಟ್ಟಿದೆ ಕಣೆ" ಎಂದು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡ. ಡಿಸೆಂಬರ್‌ನಲ್ಲಿ ಅವನೊಬ್ಬನೇ ಹೊಡೆದ ಸಾಲನ್ನು ನಾನು ನೋಡಿದ್ದೇನೆ, ಎಲ್ಲ ಜಜ್ಜಿಹೋಗಿತ್ತು. ಈಗಿನ ಸಾಲುಗಳಲ್ಲಿ ಒಂದೂ ಸೊಟ್ಟಗಿಲ್ಲ.

ಮೊದಲು ಹಾರಾಟದ ಕ್ಲಬ್ಬಿನ ಲೊರೇನ್ ಮೇಲೆ ಅನುಮಾನ ಬಂತು. ಅವಳ ಕೈ ಸಣ್ಣದು, ಎಂಥ ಸಂದಿಗೂ ಹೋಗುತ್ತದೆ. ಪಕ್ಕದ ಮನೆಯ ಗ್ಲೆನ್ ಅವರನ್ನು ವಿಚಾರಿಸಿದೆ. "ನಾನೇನೂ ನೋಡಿಲ್ಲಮ್ಮ, ಗುರುವಾರ ನಾನು ಕಿಟಕಿ ಹತ್ರ ಹೋಗೋದೇ ಇಲ್ಲ" ಎಂದರು. ನಾನು ಗುರುವಾರದ ಸುದ್ದಿಯನ್ನೇ ಎತ್ತಿರಲಿಲ್ಲ. ನಿಮಗೆ ಫೋನ್ ಮಾಡಿ ಅತ್ತಾಗ "ಗಂಡಸರನ್ನ ನಂಬೋಕಾಗಲ್ಲ ಮಗಳೇ, ಒಂದು ಕಣ್ಣಿಟ್ಟಿರು" ಅಂದಿರಿ. ಗುರುವಾರ ಬನ್ನಿ, ಇಬ್ಬರೂ ಅಡಗಿ ಕೂತು ನೋಡೋಣ ಎಂದರೆ ಚರ್ಚಿನಲ್ಲಿ ಕೌದಿ ಹೊಲಿಯುವುದಿದೆ ಎಂದಿರಿ.

ಇವತ್ತು ಬೆಳಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ನಾನೇ ಗ್ಯಾರೇಜಿಗೆ ಹೋಗಿ ಬಾಲವನ್ನು ಓರೆಯಾಗಿ ಎತ್ತಿದೆ. ಒಳಗೆ ಏನೋ ಉರುಳಿತು. ಇನ್ನೊಂದು ಕಡೆಗೆ ವಾಲಿಸಿದೆ, ಮತ್ತೆ ಉರುಳಿತು. ಅಂಥದ್ದೊಂದು ಬಿಡಿ ಚೂರು ಹಾರುವಾಗ ಬಾಲದ ಕೀಲಿನಲ್ಲಿ ಸಿಕ್ಕಿಕೊಂಡರೆ ವಿಮಾನದ ಮೂತಿ ಮೇಲೇಳುವುದಿಲ್ಲವೆಂದು ಡುವೇನ್ ಯಾವತ್ತೋ ಹೇಳಿದ್ದ. ಅರ್ಧ ಗಂಟೆ ಅಲುಗಾಡಿಸಿ, ಒಂದು ತೂತಿನಿಂದ ಅದನ್ನು ಹೊರಗೆ ಬೀಳಿಸಿದೆ.

ಗುರುವಾರ ಬರುವ ಆ ಹೆಂಗಸು ಯಾರೆಂದು ಈಗ ಗೊತ್ತಾಗಿದೆ. ಅವಳ ಮೇಲೆ ನನಗೆ ತುಂಬಾ ಸಿಟ್ಟಿದೆ. ಕದ್ದು ಬಂದಿದ್ದಕ್ಕಲ್ಲ, ಇಷ್ಟು ತಿಂಗಳು ಆ ಒಪ್ಪಂದಕ್ಕೆ ನನ್ನೊಬ್ಬಳನ್ನೇ ಕಾವಲು ಕೂರಿಸಿದ್ದಕ್ಕೆ.

ಸಿಟ್ಟಿನಲ್ಲೂ ನಿಮ್ಮವಳೇ ಆದ ಸೊಸೆ,
ಮಾರ್ಲಿಸ್

ಮರೆತ ಮಾತು: ಲಕೋಟೆಯಲ್ಲಿ ನಿಮ್ಮ ಹೇರ್‌ಪಿನ್ ಇಟ್ಟಿದ್ದೇನೆ. ಹೀಗೆ ತುದಿ ಬಗ್ಗಿಸಿ ಸಿಕ್ಕಿಸಿಕೊಳ್ಳುವವರು ಈ ಊರಿನಲ್ಲಿ ನೀವೊಬ್ಬರೇ. ಜಜ್ಜಿದ ಸಾಲು ನೋಡಿ ಸುಮ್ಮನಿರಲು ನಿಮ್ಮಿಂದ ಆಗಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಯುದ್ಧದ ಕಾಲದಲ್ಲಿ ಕಾರ್ಖಾನೆಯಲ್ಲಿ ಬಾಂಬರ್ ವಿಮಾನಗಳಿಗೆ ರಿವೆಟ್ ಹಿಡಿದವರಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನು ಹೇಳಿಕೊಡಬೇಕೆ? ಮುಂದಿನ ಗುರುವಾರ ಕಟ್ಟಿಕೊಂಡೇ ಬನ್ನಿ. ನಾನೂ ರಜೆ ಹಾಕಿದ್ದೇನೆ. ಬಾಲ ಮುಚ್ಚುವ ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡುವವರೊಬ್ಬರು ಬೇಕು.