ಪ್ಲಾನರಿಗೆ ಹೊಲಿದ ಗುಂಡಿ

ಮಾರ್ಚ್ ೭, ಶುಕ್ರವಾರ

ಇವತ್ತೂ ಒಬ್ಬ ಗಿರಾಕಿ ನನ್ನ ಹೊಲಿಗೆ ಅಂಗಡಿಯಿಂದ ಬಟ್ಟೆ ವಾಪಸ್ ತೆಗೆದುಕೊಂಡು ಹೋದರು. "ಮದುವೆ ನಾಳೆ. ನೀವಿನ್ನೂ ಕತ್ತರೀನೇ ಹಾಕಿಲ್ವಲ್ರೀ!" ಎಂದರು. ದಿನಕ್ಕೊಂದು ಹಾಳೆಯಿರುವ ಪ್ಲಾನರಿನಲ್ಲಿ ಬರೆದುಕೊಂಡಿದ್ದೆ. ಬರೆದದ್ದು ನನಗೇ ಕಾಣಲಿಲ್ಲ. ಎಡಗಣ್ಣು ಹೋದ ವರ್ಷವೇ ಹೋಯಿತು. ಬಲಗಣ್ಣೂ ಉಳಿಯುವುದಿಲ್ಲವೆಂದು ಡಾಕ್ಟರ್ ಹೇಳಿದ್ದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಪ್ಲಾನರನ್ನೇ ಮಡಿಲಲ್ಲಿಟ್ಟುಕೊಂಡು ಕೂತೆ. ಬೆರಳಿಗೆ ಇವತ್ತಿನ ಹಾಳೆ ಸಿಗಲೆಂದು, ಕಳೆದುಹೋದ ದಿನಗಳ ಮೂಲೆಗಳನ್ನೆಲ್ಲ ಕತ್ತರಿಸಿ ತೆಗೆದೆ. ಇನ್ನು ಬಟ್ಟೆ ಕೊಡಬೇಕಾದ ದಿನದ ಹಾಳೆಗೊಂದು ಗುಂಡಿ ಹೊಲಿಯಬೇಕು. ಅಂಗಿಗೆ ಚಿಕ್ಕದು, ಕೋಟಿಗೆ ದೊಡ್ಡದು. ಪಕ್ಕದಲ್ಲಿ ಅದೇ ಬಟ್ಟೆಯ ಚೂರು. ಯಾರದೆಂದು ಮುಟ್ಟಿದರೆ ತಿಳಿಯುತ್ತದೆ.

ಸೂಜಿಗೆ ದಾರ ಪೋಣಿಸಲು ಮಾತ್ರ ಆಗಲಿಲ್ಲ. ಅಷ್ಟರಲ್ಲಿ ತಂಗಿ ಬಾಗಿಲು ತಳ್ಳಿಕೊಂಡು ಬಂದಳು, ನೋಡಿ ನಕ್ಕಳು.

"ಏನಕ್ಕಾ, ಪುಸ್ತಕಕ್ಕೆ ಯಾರಾದ್ರೂ ಗುಂಡಿ ಹೊಲೀತಾರಾ?"

"ಸ್ವಲ್ಪ ದಾರ ಪೋಣಿಸಿಕೊಡೇ."

ಅವಳ ನಗು ಅರ್ಧಕ್ಕೇ ನಿಂತಿತು. "ಯಾವಾಗಿಂದ?" ಎಂದಳು. ನಾನು ಸೂಜಿ ಚಾಚಿದೆ. ದಾರ ಪೋಣಿಸಿ ಕೈಗಿಟ್ಟಳು. ಮೊದಲ ಗುಂಡಿಯನ್ನೂ ಅದರ ಬಟ್ಟೆಯ ಚೂರನ್ನೂ ಹೊಲಿದೆ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡು, ಮೂಲೆಗಳನ್ನು ತಡವಿ ಹಾಳೆ ಎಣಿಸಿದಳು.

"ಬುಧವಾರ. ಕೋಟು, ಉಣ್ಣೇದು. ಸರೀನಾ?"

ಸರಿಯಾಗಿತ್ತು. ಇಬ್ಬರೂ ಕೂತು ಇಡೀ ತಿಂಗಳಿಗೆ ಹೊಲಿದೆವು. ಆದರೆ ಬಟ್ಟೆಗೆ ಕತ್ತರಿ ಹಾಕಬೇಕಾದದ್ದು ಸೀಮೆಸುಣ್ಣದ ಗೆರೆಯ ಮೇಲೆ. ಅದು ಬೆರಳಿಗೆ ಸಿಗುವಂಥದ್ದಲ್ಲ. ನಾಳೆಯಿಂದ ಅಂಗಡಿಗೆ ಅವಳೂ ಬರುತ್ತಾಳಂತೆ. ಮೊದಲಾಗಿದ್ದರೆ ಬೇಡ ಎನ್ನುತ್ತಿದ್ದೆ.