ತಾರಸಿಯ ಮೇಲೆ ಕಾಲು ಗಂಟೆ

ಜನವರಿ 8, ಬುಧವಾರ. ಬೆಳಿಗ್ಗೆ 9.40
ಅಕ್ಕನನ್ನು ತಾರಸಿಗೆ ಹತ್ತಿಸಿದೆ. ಹದಿನೆಂಟು ಮೆಟ್ಟಿಲು. ನಡುವೆ ಎರಡು ಸಲ ನಿಂತಳು. ಕಾಲು ಗಂಟೆ ಬಿಸಿಲು, ಅಷ್ಟೇ. ಸೆಖೆಯಾದರೆ ಎಡಗಾಲು ಸೋಲುತ್ತದೆ. ವಿಟಮಿನ್ ಡಿಗೆ ವಾರಕ್ಕೊಂದು ಮಾತ್ರೆ ಇದ್ದೇ ಇದೆ. ಬಿಸಿಲು ಅವಳದೇ ಹಟ.
"ನಮ್ಮ ಸಿಂಗಾಪುರ ಲೇಔಟಿಗೂ ಸೂರ್ಯ ಬರ್ತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ ಸಂಯು."
ಕೆಳಗಿನಿಂದ ಅಜ್ಜಿ: "ಲೇ, ಅವಳ್ನ ಕರ್ಕಂಡ್ ಬಾ! ಇಂಗ್ ಕೂತ್ರೆ ಕರ್‍ರಗಾಗ್ತಾಳೆ!"
ಅಕ್ಕ ಮನೆಯ ಬೆಳ್ಳಗಿನ ಮೊಮ್ಮಗಳು. ಸ್ಕೂಲಿಗೆ ಕೊಡೆ, ಆಟ ಒಳಗೇ. ನಾನು ಹುಟ್ಟುವಾಗಲೇ ಕಪ್ಪು — ಇವಳಿಗೇನಾಗಬೇಕು ಅಂತ ಬಿಟ್ಟರು. ಲೇಔಟಿನ ಖಾಲಿ ಸೈಟುಗಳೆಲ್ಲ ನನ್ನವೇ ಆಗಿದ್ದವು.

ಜನವರಿ 10, ಶುಕ್ರವಾರ
ಹೆಬ್ಬಾಳ. ಅಕ್ಕನ ಎಂಎಸ್ ಕಾಯಿಲೆ ನೋಡುವ ನರರೋಗದ ಡಾಕ್ಟರ್ ಗಜಾಲಾ. ಮನೆಯವರೆಲ್ಲ ಹೋಗಿದ್ದೆವು. ಅಜ್ಜಿ ಕೂರುವ ಮೊದಲೇ ಕೇಳಿದಳು: "ಈ ಎಮ್ಮೆಸ್ಸು ಇವರಮ್ಮನ ಕಡೆ ರಕ್ತ ಅಲ್ವಾ ಡಾಕ್ಟ್ರಮ್ಮ?"
ಅಮ್ಮ ನೆಲ ನೋಡಿದಳು. ಕಾಯಿಲೆ ಗೊತ್ತಾದ ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದಾಳೆ.
"ಒಂದೇ ಕಡೆದಲ್ಲ ಅಜ್ಜಿ. ನೂರಾರು ಜೀನು, ಎರಡೂ ಕಡೆಯಿಂದ ಚೂರುಚೂರು ಬರುತ್ತೆ. ಅಷ್ಟಕ್ಕೇ ಕಾಯಿಲೆ ಬರಲ್ಲ. ವೈರಸ್ಸು, ಸಿಗರೇಟು, ವಿಟಮಿನ್ ಡಿ ಕಮ್ಮಿ ಇರೋದು... ಹಲವು ಸೇರ್ಬೇಕು. ಯಾರ ತಪ್ಪೂ ಅಲ್ಲ."
ಅಪ್ಪ ನನ್ನತ್ತ ಕೈ ತೋರಿಸಿದರು. "ಇವಳಿಗೆ?"
"ಒಡಹುಟ್ಟಿದವರಿಗೆ ನೂರರಲ್ಲಿ ಎರಡೋ ಮೂರೋ."
"ಆ ವಿಟಮಿನ್ನು ಬಿಸಿಲಲ್ಲಿ ಸಿಗುತ್ತೆ ಅಜ್ಜಿ, ಕೇಳಿಸ್ತಾ?" — ಅಕ್ಕ ನಕ್ಕಳು. ಮನೆ ಬರುವವರೆಗೂ ಅಜ್ಜಿ ಅಕ್ಕನ ಬೆಳ್ಳಗಿನ ಕೈಯನ್ನೇ ನೋಡುತ್ತಿದ್ದಳು.

ಜನವರಿ 16, ಗುರುವಾರ
ಸಂಕ್ರಾಂತಿ ಕಳೆಯಿತು. ಭಾನುವಾರ ನನ್ನನ್ನು ನೋಡಲು ಅಬ್ಬಿಗೆರೆಯವರು ಬರುತ್ತಾರೆ. ಅಷ್ಟರಲ್ಲಿ ಅಕ್ಕ ಕೆಂಪಾಪುರದ ನಮ್ಮ ಸೋದರತ್ತೆ ಮನೆಗೆ ಹೋಗಬೇಕಂತೆ.
"ಒಂದಿನ ತಾನೇ," ಅಂದರು ಅಪ್ಪ.
ಒಂದು ದಿನ ಅಲ್ಲ. ಅಬ್ಬಿಗೆರೆಯವರಿಗೆ ನಾನೊಬ್ಬಳೇ ಮಗಳು ಅಂತ ಹೇಳಿಬಿಟ್ಟಿದ್ದಾರಂತೆ. ಹಾಗಾದರೆ ಮದುವೆಗೂ ಅಕ್ಕ ಇರುವಂತಿಲ್ಲ. ಆಮೇಲೂ.
ಅಕ್ಕ ಬಟ್ಟೆ ಮಡಚುತ್ತಿದ್ದಾಳೆ. ಎಂಎ ಮಾಡಿದ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಇಲ್ಲಿ ಮಾತ್ರ ಪುಟಗಟ್ಟಲೆ. ಥೂ.

ಜನವರಿ 19, ಭಾನುವಾರ. ಮಧ್ಯಾಹ್ನ
ಮಾಡಿಬಿಟ್ಟೆ.
ಅಕ್ಕನಿಗೆ ಬುಕ್ ಮಾಡಿದ್ದ ಕ್ಯಾಬನ್ನು ಕ್ಯಾನ್ಸಲ್ ಮಾಡಿದೆ. "ಬೇಡ ಕಣೇ, ಅಪ್ಪ ಬೈತಾರೆ," ಅಂದಳು. ಕೈ ಹಿಡಿದು ತಾರಸಿಗೆ ಕರೆದೊಯ್ದೆ. ಇಳಿದು ಸೀರೆ ಸರಿಮಾಡಿಕೊಂಡು ಕಾಫಿ ಹಿಡಿದು ಹೋದೆ.
ಹುಡುಗನ ತಾಯಿ: "ಒಬ್ಬಳೇ ಮಗಳಲ್ವಾ?"
"ಇಬ್ರು. ಅಕ್ಕ ಮೇಲಿದ್ದಾಳೆ. ಎಂಎಸ್ ಅಂತ, ನರದ ಕಾಯಿಲೆ. ನಂಗೂ ಬರಬಹುದು, ನೂರರಲ್ಲಿ ಎರಡೋ ಮೂರೋ. ಕಾಲು ಗಂಟೆ ಆಯ್ತು, ಅವಳನ್ನ ಇಳಿಸ್ಬೇಕು. ಬರ್ತೀನಿ."
ತಟ್ಟೆ ಇಟ್ಟು ಮೆಟ್ಟಿಲು ಹತ್ತಿದೆ. ಇಬ್ಬರೂ ಇಳಿದು ಬರುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ. ಐದು ಲೋಟದ ಕಾಫಿಗೂ ಕೆನೆ ಕಟ್ಟಿತ್ತು. ಅಪ್ಪ ಕೋಣೆ ಬಾಗಿಲು ಹಾಕಿಕೊಂಡರು. ಅಮ್ಮ ಬಂದವರಿಗೆಂದು ಮಾಡಿದ ಕೇಸರಿಬಾತನ್ನು ನನ್ನ ತಟ್ಟೆಗೆ ಎರಡು ಸಲ ಬಡಿಸಿದಳು.

ಜನವರಿ 23, ಗುರುವಾರ. 9.50
ಅಪ್ಪನ ಕೋಪಕ್ಕೆ ಐದನೇ ದಿನ. ಇರಲಿ.
ಇವತ್ತು ಹತ್ತಿ ಬಂದರೆ ಅಕ್ಕನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ. ಅಜ್ಜಿ. ಮಡಿಲಲ್ಲಿ ಅಕ್ಕನ ಸ್ಕೂಲಿನ ಕೊಡೆ.
"ನಾನೇ ಕಣವ್ವ ಇದ್ನ ಕೊಟ್ಟಿದ್ದು."
"ಕೊಡೆಯೊಂದರಿಂದಲೇ ಕಾಯಿಲೆ ಬರಲ್ಲ ಅಜ್ಜಿ. ಡಾಕ್ಟ್ರು ಹೇಳ್ಲಿಲ್ವಾ? ಬಿಡು," ಅಂದಳು ಅಕ್ಕ.
ಇಲ್ಲೇ ಕೂತು ಬರೆಯುತ್ತಿದ್ದೇನೆ. ಎದುರು ಮನೆಯ ತಾರಸಿಯಿಂದ ಗೌರಮ್ಮ ಅಜ್ಜಿಯನ್ನು ಕೂಗುತ್ತಿದ್ದಾಳೆ: "ಅಂಜಿನಮ್ಮಕ್ಕಾ, ಎಣ್ಣು ನೋಡೋಕ್ ಬಂದೋರು ಎದ್ದೋದ್ರಂತೆ? ಏನಂತೆ ದೊಡ್ಡೋಳ್ಗೆ?"
ಅಕ್ಕ ತಲೆ ತಗ್ಗಿಸಿದಳು. ಅಜ್ಜಿ ಕೊಡೆಯೂರಿ ಎದ್ದು ನಿಂತಳು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: "ಎಮ್ಮೆಸ್ಸು ಕಣೇ, ನರದ್ ಕಾಯ್ಲೆ, ಯಾರ್ ತಪ್ಪೂ ಅಲ್ಲ! ನನ್ ದೊಡ್ ಮೊಮ್ಮಗ್ಳು ಬಿಸ್ಲಿಗ್ ಕೂತವ್ಳೆ, ನೋಡ್ಕೋ!"